ದೂರವೇ ಮೊದಲ ಪಾಠ

ವೈದ್ಯಕೀಯ ಮತ್ತು ನರ್ಸಿಂಗ್ ಓದುವ ಹುಡುಗ ಹುಡುಗಿಯರಲ್ಲಿ ಈಗೊಂದು ಹಂಬಲ ಬೆಳೆದಿದೆ. ರಜೆಯಲ್ಲಿ ನೇಪಾಳಕ್ಕೋ ತಾಂಜಾನಿಯಾಕ್ಕೋ ಗ್ವಾಟೆಮಾಲಾಕ್ಕೋ ಸ್ವಯಂಸೇವಕರಾಗಿ ಹೋಗಬೇಕು, ಸೌಕರ್ಯ ಕಡಿಮೆ ಇರುವ ಊರುಗಳಲ್ಲಿ ಹೆರಿಗೆ, ಬಾಣಂತನ, ಹಸುಗೂಸಿನ ಆರೈಕೆ ಹೇಗೆ ನಡೆಯುತ್ತದೆಂದು ಅಲ್ಲೇ ಇದ್ದು ಕಲಿಯಬೇಕು ಎಂಬ ಹಂಬಲ. ಅಮೆರಿಕ, ಯುರೋಪಿನ ವಿದ್ಯಾರ್ಥಿಗಳು ಇದೇ ಉದ್ದೇಶದಿಂದ ಭಾರತಕ್ಕೂ ಬರುತ್ತಾರೆ. ಹೊರದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಲ್ಲೂ ಕೆಲವರಿಗೆ ಅಜ್ಜ ಅಜ್ಜಿಯ ನಾಡಿನಲ್ಲಿ ಇಂಥ ಕೆಲಸ ಮಾಡುವ ಆಸೆ ಇರುತ್ತದೆ.

ಆಸೆ ಒಳ್ಳೆಯದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 2.6 ಲಕ್ಷ ಮಹಿಳೆಯರು ಬಸಿರು, ಹೆರಿಗೆಯ ಕಾರಣಕ್ಕೆ ತೀರಿಕೊಂಡರು. ಅವರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಬಡ ಹಾಗೂ ಕೆಳಮಧ್ಯಮ ಆದಾಯದ ದೇಶಗಳವರು. ಹೆರಿಗೆಯ ವಿದ್ಯೆಯನ್ನು ಸುಸಜ್ಜಿತ ಆಸ್ಪತ್ರೆಯ ಗೋಡೆಗಳೊಳಗೆ ಮಾತ್ರ ಕಲಿತವರಿಗೆ ಈ ಸಾವುಗಳ ಕಾರಣ ಪೂರ್ತಿ ಅರ್ಥವಾಗುವುದಿಲ್ಲ. ಆದರೆ ಹೊರಡುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಳ್ಳಬೇಕು. ಅಲ್ಲಿ ಕಲಿಯಬೇಕಾದದ್ದು ಏನು? ಯಾರಿಂದ? ಕಲಿಯುವ ನೆಪದಲ್ಲಿ ಇನ್ನೊಬ್ಬರ ಮೈ ಮುಟ್ಟುವ ಹಕ್ಕು ನಮಗೆ ಎಷ್ಟರ ಮಟ್ಟಿಗೆ ಇದೆ? ಈ ಮೂರಕ್ಕೂ ಉತ್ತರ ಹೇಳಬಲ್ಲ ನಾಲ್ಕು ತಾಲ್ಲೂಕುಗಳು ಉತ್ತರ ಕನ್ನಡ ಜಿಲ್ಲೆಯಲ್ಲಿವೆ: ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ.

ಪ್ರವಾಸಿಗರ ಕಣ್ಣಿಗೆ ಇವು ಒಂದೇ ಕಾಡುಸೀಮೆ. ಬಸುರಿಯ ಕಣ್ಣಿನಿಂದ ನೋಡಿದರೆ ನಾಲ್ಕೂ ಬೇರೆ ಬೇರೆ. ದಾಂಡೇಲಿ ಕಾರ್ಖಾನೆಯ ಊರು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸುತ್ತ ಬೆಳೆದ ಈ ಪಟ್ಟಣದಲ್ಲಿ ರಸ್ತೆ, ಆಸ್ಪತ್ರೆ, ಔಷಧ ಅಂಗಡಿ ಕೈಗೆಟುಕುವಂತಿವೆ. ಹಳಿಯಾಳ ಭತ್ತ ಮತ್ತು ಕಬ್ಬಿನ ಅರೆಮಲೆನಾಡು. ಕನ್ನಡ, ಮರಾಠಿ ಎರಡೂ ಮನೆಮಾತು. ಕಾಡಂಚಿಗೆ ಸಿದ್ದಿಯರ, ಗೌಳಿಯರ ಮನೆಗಳು. ಮುಂಡಗೋಡದಲ್ಲಿ 1966ರಲ್ಲಿ ನೆಲೆಯಾದ ಟಿಬೆಟಿಯನ್ನರ ದೋಗುಲಿಂಗ್ ವಸಾಹತು ಇದೆ, ಅದಕ್ಕೆ ತನ್ನದೇ ಆಸ್ಪತ್ರೆಯೂ ಇದೆ. ಅದರ ಸುತ್ತಲಿನ ಹಳ್ಳಿಗಳಲ್ಲಿ ಲಂಬಾಣಿಗರು, ಸಿದ್ದಿಯರು, ಗೌಳಿಯರು ಇದ್ದಾರೆ. ಇನ್ನು ಜೋಯಿಡಾ ಜಿಲ್ಲೆಯ ಅತಿ ವಿಸ್ತಾರದ ತಾಲ್ಲೂಕು, ಆದರೆ ಇಡೀ ತಾಲ್ಲೂಕಿನ ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ಹಳೆಯ ತಾಲ್ಲೂಕು ಕೇಂದ್ರವಾದ ಸೂಪಾ ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಉಳಿದದ್ದರಲ್ಲಿ ಬಹುಪಾಲು ದಟ್ಟ ಕಾಡು, ಅದರಲ್ಲೂ ದೊಡ್ಡ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ನಡುನಡುವೆ ಕುಣಬಿಗಳ ಚಿಕ್ಕ ಚಿಕ್ಕ ಮಜರೆಗಳು. ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು.

ಜಿಲ್ಲಾ ಕೇಂದ್ರ ಕಾರವಾರ. ಅಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಆದರೆ ಹಳಿಯಾಳ, ಮುಂಡಗೋಡಗಳಿಂದ ಕಾರವಾರ ನೂರು ಕಿ.ಮೀ.ಗೂ ಹೆಚ್ಚು ದೂರ, ನಡುವೆ ಘಟ್ಟ ಬೇರೆ. ಹೀಗಾಗಿ ಹೆರಿಗೆ ಕಷ್ಟವಾಯಿತೆಂದರೆ ಈ ಸೀಮೆಯ ಆಂಬುಲೆನ್ಸ್ ತಿರುಗುವುದು ಧಾರವಾಡ, ಹುಬ್ಬಳ್ಳಿಯ ಕಡೆಗೆ. ಹಳಿಯಾಳದಿಂದ ಧಾರವಾಡ 35 ಕಿ.ಮೀ. ಆಸುಪಾಸು, ಮುಂಡಗೋಡದಿಂದ ಹುಬ್ಬಳ್ಳಿ 50ರ ಆಸುಪಾಸು. ಜೋಯಿಡಾದವರು ಮೊದಲು ದಾಂಡೇಲಿ ಮುಟ್ಟಿ, ಅಲ್ಲಿಂದ ಧಾರವಾಡಕ್ಕೆ ಇನ್ನೂ ಐವತ್ತಕ್ಕೂ ಹೆಚ್ಚು ಕಿ.ಮೀ. ಹೋಗಬೇಕು. ಮಜರೆಯಿಂದ ಡಾಂಬರು ರಸ್ತೆಯವರೆಗಿನ ಹಾದಿ ಈ ಲೆಕ್ಕದಲ್ಲಿ ಸೇರಿಲ್ಲ. ಮಳೆಗಾಲದಲ್ಲಿ ಬಸುರಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಹಳ್ಳ ದಾಟಿಸಿದ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ.

ದೂರಕ್ಕೂ ತಾಯಿಯ ಸಾವಿಗೂ ಇರುವ ನಂಟನ್ನು ಹೆರಿಗೆಶಾಸ್ತ್ರ ಗಂಟೆಗಳಲ್ಲಿ ಲೆಕ್ಕ ಹಾಕಿ ಇಟ್ಟಿದೆ. ಚಿಕಿತ್ಸೆ ಸಿಗದಿದ್ದರೆ ಹೆರಿಗೆಯ ನಂತರದ ರಕ್ತಸ್ರಾವ ಸರಾಸರಿ ಎರಡು ಗಂಟೆಯಲ್ಲಿ ಜೀವ ತೆಗೆಯಬಹುದು. ಹೆರಿಗೆಗೆ ಮುಂಚಿನ ರಕ್ತಸ್ರಾವಕ್ಕೆ ಹನ್ನೆರಡು ಗಂಟೆ, ಗರ್ಭಕೋಶ ಹರಿದರೆ ಒಂದು ದಿನ, ಗರ್ಭನಂಜಿನ ಸೆಳವಿಗೆ ಎರಡು ದಿನ, ಮಗು ಅಡ್ಡವಾಗಿ ಹೆರಿಗೆ ನಿಂತರೆ ಮೂರು ದಿನ, ಸೋಂಕಿಗೆ ಆರು ದಿನ. ಈ ಪಟ್ಟಿಯನ್ನು ಜೋಯಿಡಾದ ನಕ್ಷೆಯ ಪಕ್ಕದಲ್ಲಿಟ್ಟು ನೋಡಿ. ಆರು ದಿನ, ಮೂರು ದಿನದ ಕಾಯಿಲೆಗೆ ರಸ್ತೆ ಸಾಕು. ಎರಡು ಗಂಟೆಯದಕ್ಕೆ ರಸ್ತೆ ಮಾತ್ರ ಸಾಲದು. ಅದರ ಮದ್ದು ಹೆರಿಗೆ ಆದ ಜಾಗದಲ್ಲೇ ಇರಬೇಕು, ಕೊಡಬಲ್ಲ ಕೈ ಪಕ್ಕದಲ್ಲೇ ಇರಬೇಕು.

1994ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸೆರೀನ್ ಥ್ಯಾಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು ಇಂಥ ಸಾವುಗಳ ಹಿಂದಿನ ವಿಳಂಬವನ್ನು ಮೂರು ಭಾಗ ಮಾಡಿ ತೋರಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ಮನೆಯವರು ನಿರ್ಧರಿಸುವಲ್ಲಿ ಆಗುವ ತಡ ಮೊದಲನೆಯದು. ಹೊರಟವರು ಆಸ್ಪತ್ರೆ ಮುಟ್ಟುವಲ್ಲಿ ಆಗುವ ತಡ ಎರಡನೆಯದು. ಮುಟ್ಟಿದ ಮೇಲೆ ತಕ್ಕ ಚಿಕಿತ್ಸೆ ಸಿಗುವಲ್ಲಿ ಆಗುವ ತಡ ಮೂರನೆಯದು. ಅನೇಕ ತರಬೇತಿ ಪುಸ್ತಕಗಳಲ್ಲಿ ಈಗ ಈ ಮೂರು ವಿಳಂಬಗಳ ಪಾಠ ಇದೆ. ಓದಿದಾಗ ಸುಲಭ ಅನಿಸುತ್ತದೆ. ಒಂದು ಮಜರೆಯಲ್ಲಿ ಕುಳಿತು, ರಾತ್ರಿ ನೋವು ಶುರುವಾದರೆ ಯಾರನ್ನು ಎಬ್ಬಿಸುತ್ತೀರಿ, ಫೋನು ಎಲ್ಲಿಂದ ಮಾಡುತ್ತೀರಿ, 108 ಎಲ್ಲಿಯವರೆಗೆ ಬರುತ್ತದೆ, ಮನೆಯಲ್ಲಿ ಉಳಿಯುವ ಮಕ್ಕಳನ್ನು, ದನಗಳನ್ನು ಯಾರು ನೋಡುತ್ತಾರೆ ಎಂದು ಒಬ್ಬ ಬಸುರಿಯನ್ನು ಕೇಳಿದಾಗ ಅದರ ಭಾರ ತಿಳಿಯುತ್ತದೆ. ಹೊರಗಿನಿಂದ ಬರುವವರು ಕಲಿಯಬೇಕಾದ ಮೊದಲ ಪಾಠ ಈ ದೂರ. ಅದನ್ನು ಕಲಿಯಲು ಸ್ಟೆತಸ್ಕೋಪ್ ಬೇಕಿಲ್ಲ.

ದೂರವನ್ನು ಅರಿತವರೇ ಅದಕ್ಕೆ ಉತ್ತರವನ್ನೂ ಕಂಡುಕೊಂಡರು. ಅದರ ಒಂದು ದೊಡ್ಡ ಅಧ್ಯಾಯ ಈ ತಾಲ್ಲೂಕುಗಳ ಗಡಿಯಾಚೆ, ಬೆಳಗಾವಿ ಜಿಲ್ಲೆಯಲ್ಲಿ ಬರೆಯಲ್ಪಟ್ಟಿತು. ಹೆರಿಗೆಯ ನಂತರ ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲಲು ಕೊಡುವ ಆಕ್ಸಿಟೋಸಿನ್ ಒಳ್ಳೆಯ ಮದ್ದು. ಆದರೆ ಅದು ಚುಚ್ಚುಮದ್ದು, 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕಾದದ್ದು. ವಿದ್ಯುತ್ ಹೋಗಿ ಬಂದು ಮಾಡುವ ಕಡೆ ಅದರ ಗುಣ ಕೆಡುತ್ತದೆ. ಮಿಸೋಪ್ರೊಸ್ಟಾಲ್ ಮಾತ್ರೆಗೆ ಫ್ರಿಜ್ ಬೇಡ, ಸೂಜಿ ಬೇಡ. ಅದನ್ನು ಹಳ್ಳಿಯ ಆರೋಗ್ಯ ಸಹಾಯಕಿಯರೇ ಕೊಟ್ಟರೆ ಕೆಲಸ ಮಾಡುತ್ತದೆಯೇ? ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಭಾಲಚಂದ್ರ ಕೊಡಕಣಿ, ಡಾ. ಶಿವಪ್ರಸಾದ ಗೌಡರ ಮತ್ತು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರ ತಂಡ 2002ರಿಂದ 2005ರವರೆಗೆ 1,620 ಗ್ರಾಮೀಣ ತಾಯಂದಿರಲ್ಲಿ ಇದನ್ನು ಪರೀಕ್ಷಿಸಿತು. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ರಕ್ತ ಅಳೆದವರು ಎಲ್ಲರೂ ಆ ಸಹಾಯಕಿಯರೇ. ಮಾತ್ರೆ ಪಡೆಯದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಪಡೆದವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಮಿಸೋಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆ ಅಧ್ಯಯನಕ್ಕಾಗಿ ಬಳಸಿದ ಒಂದು ಸರಳ ಸಾಧನದ ಕಥೆ ಇನ್ನೂ ದೂರ ಹೋಗಿದೆ. ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಅಳತೆಯ ಗೆರೆಗಳಿರುವ ಚೀಲ. ಅನುಭವಿಗಳು ಕೂಡ ಕಣ್ಣಂದಾಜಿನಲ್ಲಿ ರಕ್ತವನ್ನು ಕಡಿಮೆ ಎಣಿಸುತ್ತಾರೆ. ಬೆಳಗಾವಿಯಲ್ಲೇ ನಡೆದ ಹೋಲಿಕೆಯಲ್ಲಿ ಕಣ್ಣಂದಾಜು ಚೀಲದ ಅಳತೆಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಬಂದಿತ್ತು. ಬಟ್ಟೆಯಲ್ಲಿ, ನೆಲದಲ್ಲಿ ಇಂಗಿದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಹಾಗೆ ತಪ್ಪಿದ ಲೆಕ್ಕವೇ ಆ ಎರಡು ಗಂಟೆಯಲ್ಲಿ ಒಂದು ಪಾಲನ್ನು ತಿಂದುಹಾಕುತ್ತದೆ. 2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡ ಇ-ಮೋಟಿವ್ ಅಧ್ಯಯನ ಹೊರಬಂತು. ಇಂಥ ಅಳತೆಯ ಚೀಲದಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ, ಗರ್ಭಕೋಶ ನೀವುವುದು, ಮದ್ದು, ಡ್ರಿಪ್, ತಪಾಸಣೆ ಎಲ್ಲವನ್ನೂ ಒಟ್ಟಿಗೆ ಶುರುಮಾಡಿದರೆ, ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ಶೇ 60ರಷ್ಟು ತಗ್ಗುತ್ತವೆ ಎಂದು ಅದು ತೋರಿಸಿತು. ಕನ್ನಡ ನಾಡಿನ ಗ್ರಾಮೀಣ ಸಹಾಯಕಿಯರ ಕೈಯಲ್ಲಿ ಪಳಗಿದ ಉಪಾಯ ಆಫ್ರಿಕಾದ ತಾಯಂದಿರನ್ನು ಉಳಿಸುವ ಕ್ರಮದ ಭಾಗವಾಗಿದೆ. ಸೌಕರ್ಯ ಕಡಿಮೆ ಇರುವ ಕಡೆಯ ವೈದ್ಯವಿದ್ಯೆ ದೊಡ್ಡಾಸ್ಪತ್ರೆಯ ವಿದ್ಯೆಯ ಕಡಿಮೆ ಬೆಲೆಯ ಪ್ರತಿ ಅಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅದಕ್ಕೆ ಅದರದೇ ಪ್ರಶ್ನೆಗಳಿವೆ, ಅದರದೇ ಉತ್ತರಗಳಿವೆ.

ಎಲ್ಲ ಪ್ರಯೋಗವೂ ಹೀಗೆ ಗೆದ್ದಿಲ್ಲ ಎಂಬುದೂ ತಿಳಿದಿರಬೇಕು. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಮನೆಮನೆಗೆ ಹೋಗಿ ಬಸುರಿಯರ ರಕ್ತದೊತ್ತಡ ನೋಡುವ ಕ್ಲಿಪ್ ಅಧ್ಯಯನ ನಡೆಯಿತು. ಪಾಕಿಸ್ತಾನ ಮತ್ತು ಮೊಜಾಂಬಿಕ್‌ನಲ್ಲೂ ಅದೇ ಪ್ರಯೋಗ ಜೊತೆಗೇ ನಡೆದಿತ್ತು. 2020ರಲ್ಲಿ ಬಂದ ಒಟ್ಟು ಫಲಿತಾಂಶದಲ್ಲಿ ತಾಯಿ, ಮಗುವಿನ ಸಾವು ನೋವು ನಿರೀಕ್ಷೆಯಂತೆ ತಗ್ಗಿರಲಿಲ್ಲ. ಭೇಟಿಗಳು ಸಾಕಷ್ಟು ಸಲ ನಡೆದ ಕಡೆ ಮಾತ್ರ ಲಾಭದ ಸೂಚನೆ ಇತ್ತು. ಅಂದರೆ ಯಂತ್ರ ಕೊಟ್ಟರಷ್ಟೇ ಆಗದು. ಮತ್ತೆ ಮತ್ತೆ ಬಾಗಿಲು ತಟ್ಟುವ ಮನುಷ್ಯರು ಬೇಕು, ಕಳಿಸಿದ ರೋಗಿಯನ್ನು ಕೈಹಿಡಿದು ಒಳಗೆ ಕರೆದುಕೊಳ್ಳುವ ಆಸ್ಪತ್ರೆ ಬೇಕು. ಬಸುರಿನಲ್ಲಿ ರಕ್ತದೊತ್ತಡ ಏರಿ ಬರುವ ಗರ್ಭನಂಜಿನ ಸೆಳವನ್ನು ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಮದ್ದು ಇದೆ. 33 ದೇಶಗಳಲ್ಲಿ ನಡೆದ ಮ್ಯಾಗ್‌ಪೈ ಅಧ್ಯಯನ ಅದು ಸೆಳವಿನ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆಂದು 2002ರಲ್ಲೇ ಸಾಬೀತುಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮೊದಲ ಡೋಸ್ ಕೊಟ್ಟು ಆಮೇಲೆ ಆಂಬುಲೆನ್ಸ್ ಹತ್ತಿಸಿದರೆ ಧಾರವಾಡದವರೆಗಿನ ಹಾದಿ ಬದುಕಿನ ಹಾದಿಯಾಗುತ್ತದೆ. ಕೊಡದೆ ಹತ್ತಿಸಿದರೆ ಅದೇ ಹಾದಿ ಬೇರೆಯಾಗುತ್ತದೆ.

ಹಸುಗೂಸಿನ ಲೆಕ್ಕ ಗಂಟೆಗಳದಲ್ಲ, ನಿಮಿಷದ್ದು. ಹುಟ್ಟಿದ ನೂರು ಶಿಶುಗಳಲ್ಲಿ ಸುಮಾರು ಹತ್ತಕ್ಕೆ ಉಸಿರಾಟ ಶುರುಮಾಡಲು ಸ್ವಲ್ಪ ನೆರವು ಬೇಕು. ಒರೆಸಿ, ಬೆಚ್ಚಗಿಟ್ಟು, ಬೆನ್ನು ಉಜ್ಜಿದರೆ ಹೆಚ್ಚಿನವು ಅಳುತ್ತವೆ. ಅಳದವಕ್ಕೆ ಬ್ಯಾಗ್ ಮತ್ತು ಮಾಸ್ಕಿನಿಂದ ಗಾಳಿ ಕೊಡಬೇಕು, ಅದೂ ಮೊದಲ ಒಂದು ನಿಮಿಷದೊಳಗೆ ಶುರುವಾಗಬೇಕು. ಆ ನಿಮಿಷಕ್ಕೆ ತರಬೇತಿಯಲ್ಲಿ ಚಿನ್ನದ ನಿಮಿಷ ಎಂದೇ ಹೆಸರು. ಆರು ದೇಶಗಳ ಗ್ರಾಮೀಣ ಸಮುದಾಯಗಳಲ್ಲಿ ಹೆರಿಗೆ ಮಾಡಿಸುವವರಿಗೆ ಅಗತ್ಯ ಶಿಶು ಆರೈಕೆಯ ತರಬೇತಿ ಕೊಟ್ಟು ನೋಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಭಾರತದ ಪಾಲು ಬೆಳಗಾವಿಯದು. ಮೊದಲ ವಾರದ ಶಿಶುಮರಣ ಗಮನಾರ್ಹವಾಗಿ ಇಳಿಯಲಿಲ್ಲ, ಆದರೆ ಸತ್ತು ಹುಟ್ಟಿದವೆಂದು ಬರೆಸಿಕೊಳ್ಳುತ್ತಿದ್ದ ಶಿಶುಗಳ ಪ್ರಮಾಣ ಸುಮಾರು ಶೇ 30ರಷ್ಟು ಕುಸಿಯಿತು. ಅದರ ಅರ್ಥ ಗಟ್ಟಿಯಾದದ್ದು. ಸತ್ತಿದೆ ಎಂದು ಬದಿಗಿಡುತ್ತಿದ್ದ ಕೂಸುಗಳಲ್ಲಿ ಹಲವು ಉಸಿರಿಗಾಗಿ ಕಾಯುತ್ತಿದ್ದವು. ಗೊತ್ತಿರುವ ಕೈ ಮುಟ್ಟಿದಾಗ ಅವು ಬದುಕಿದವು.

ಅವಧಿಗೆ ಮುನ್ನ, ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿಗೆ ಇನ್ಕ್ಯುಬೇಟರ್ ಇಲ್ಲದಿದ್ದರೆ ಏನು ಗತಿ? 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಇದೇ ಕೊರತೆಯ ನಡುವೆ ಕೂಸನ್ನು ತಾಯಿಯ ಬರಿ ಎದೆಗೆ ಅಂಟಿಸಿ ಕಟ್ಟಿಸಿದರು. ಅದೇ ಕಾಂಗರೂ ಆರೈಕೆ. ಕರ್ನಾಟಕದಲ್ಲಿ ಕೊಪ್ಪಳ ಜಿಲ್ಲೆ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ವಿಸ್ತರಿಸಿ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಜೊತೆಗೂಡಿ ಮಾದರಿಯಾಗಿ ಬೆಳೆಸಿತು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ಶಿಶು ಆರೈಕೆ ಕಲಿಸಿದರು, ಅಲ್ಲಿ ನವಜಾತ ಶಿಶುಗಳ ಸಾವು ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. 1999ರಲ್ಲಿ ಪ್ರಕಟವಾದ ಆ ಅನುಭವವೇ ಮುಂದೆ ಇಡೀ ದೇಶದ ಕಾರ್ಯಕ್ರಮವಾಯಿತು. ಆಸ್ಪತ್ರೆಯಲ್ಲಿ ಹೆತ್ತ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬಂದು ಕೂಸನ್ನು ತೂಗುವುದು, ಜ್ವರ ನೋಡುವುದು, ಎದೆಹಾಲು ಕುಡಿಯುತ್ತಿದೆಯೇ ಎಂದು ಗಮನಿಸುವುದು ಆ ಕಾರ್ಯಕ್ರಮದ ಫಲ.

ಹಾಗಾದರೆ ಕಲಿಸುವವರು ಯಾರು ಎಂಬ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಬಂತು. ಈ ನಾಲ್ಕು ತಾಲ್ಲೂಕುಗಳಲ್ಲಿ ಗುರುಗಳು ಆಶಾ ಕಾರ್ಯಕರ್ತೆಯರು, ಉಪಕೇಂದ್ರದ ಆರೋಗ್ಯ ಸಹಾಯಕಿಯರು, ಜನ ನರ್ಸಬಾಯಿ ಎಂದು ಕರೆಯುವ ಸಿಸ್ಟರುಗಳು, ಅಂಗನವಾಡಿಯವರು, 108ರ ಚಾಲಕರು. ಯಾವ ಮನೆಯಲ್ಲಿ ಯಾರಿಗೆ ಎಷ್ಟನೇ ತಿಂಗಳು, ಯಾವ ಹಳ್ಳ ಯಾವ ವಾರ ತುಂಬುತ್ತದೆ, ಯಾವ ಅತ್ತೆಯ ಮಾತು ನಡೆಯುತ್ತದೆ ಎಂಬುದು ಅವರಿಗೆ ಗೊತ್ತು. ಹೆರುವ ದಿನ ಹತ್ತಿರ ಬಂದಾಗ ಬಸುರಿಯನ್ನು ಮೊದಲೇ ಪಟ್ಟಣದ ನೆಂಟರ ಮನೆಗೆ ಕಳಿಸಲು ಒಪ್ಪಿಸುವುದು ಪಠ್ಯ ಓದಿದಷ್ಟಕ್ಕೇ ಬಾರದ, ಆದರೆ ಜೀವ ಉಳಿಸುವ ಕೌಶಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಅದೇ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂರಬೇಕಾಯಿತು. ಅವರಿಂದ ಕಲಿಯಲು ಬರುವವರು ಈ ಎರಡೂ ಸಂಗತಿಗಳನ್ನು ತಿಳಿದು ಬರಲಿ.

ಸೂಲಗಿತ್ತಿಯರನ್ನೂ ಮರೆಯುವಂತಿಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಈಗ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತವೆ. 2005–06ರಲ್ಲಿ ಅದು ಸುಮಾರು 65 ಇತ್ತು. ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2001–03ರಲ್ಲಿ 228 ಇದ್ದದ್ದು 2018–20ಕ್ಕೆ 69ಕ್ಕೆ ಇಳಿಯಿತು. ಇದು ದೊಡ್ಡ ಗೆಲುವು, ಹೆರಿಗೆ ಮತ್ತೆ ಮನೆಗೆ ಮರಳಬೇಕೆಂದು ಯಾರೂ ಹೇಳಲಾರರು. ಆದರೆ ಹೆರುವವಳ ಪಕ್ಕದಲ್ಲಿ ಕೂತು ಧೈರ್ಯ ಹೇಳುವುದು, ಬೇಕಾದ ಭಂಗಿಯಲ್ಲಿ ಕೂರಲು ಬಿಡುವುದು, ಆಕೆಯ ಮಾತಿನಲ್ಲೇ ಮಾತನಾಡುವುದು ಸೂಲಗಿತ್ತಿಯರ ವಿದ್ಯೆ. ವಿಶ್ವ ಆರೋಗ್ಯ ಸಂಸ್ಥೆ 2018ರ ಹೆರಿಗೆ ಮಾರ್ಗಸೂಚಿಯಲ್ಲಿ ಹೇಳುವುದೂ ಇದನ್ನೇ: ಹೆರುವವಳಿಗೆ ತನಗೆ ಬೇಕಾದ ಒಡನಾಡಿ ಇರಲಿ, ಭಂಗಿಯ ಆಯ್ಕೆ ಇರಲಿ, ಗೌರವ ಇರಲಿ. ಕುಣಬಿ ಮಹಿಳೆ ಕೊಂಕಣಿಯಲ್ಲಿ ನೋವು ಹೇಳಿಕೊಳ್ಳುತ್ತಾಳೆ, ಗೌಳಿ ಮಹಿಳೆ ತನ್ನ ಮರಾಠಿಯಲ್ಲಿ, ಟಿಬೆಟಿಯನ್ ತಾಯಿ ತನ್ನ ಭಾಷೆಯಲ್ಲಿ. ಹೊರಗಿನಿಂದ ಬಂದ ಸ್ವಯಂಸೇವಕಿಗೆ ಇವುಗಳಲ್ಲಿ ಒಂದೂ ಬಾರದಿದ್ದರೆ ಹೆರಿಗೆ ಕೋಣೆಯಲ್ಲಿ ಆಕೆ ಅಪರಿಚಿತಳು. ನೋವಿನ ಹೊತ್ತಿನಲ್ಲಿ ಅಪರಿಚಿತರ ಕಣ್ಣು ಯಾರಿಗೂ ಹಿತವಲ್ಲ.

ಬಾಣಂತನದ ಪದ್ಧತಿಗಳ ವಿಷಯದಲ್ಲೂ ಕೇಳಿಸಿಕೊಳ್ಳುವ ಕಿವಿ ಬೇಕು. ನಲವತ್ತು ದಿನದ ವಿಶ್ರಾಂತಿ, ಬೆಚ್ಚಗಿನ ಕೋಣೆ, ಹಿರಿಯರ ಒತ್ತಾಸೆ ತಾಯಿಗೆ ಒಳ್ಳೆಯವು. ಮೊದಲ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವುದು, ಹುಟ್ಟಿದ ಕೂಡಲೇ ಕೂಸಿಗೆ ಸ್ನಾನ ಮಾಡಿಸುವುದು, ಬಾಣಂತಿಗೆ ನೀರು ಮತ್ತು ತರಕಾರಿ ಕಡಿತ ಮಾಡುವುದು ಒಳ್ಳೆಯವಲ್ಲ. ಈ ಕೊನೆಯದಕ್ಕೆ ಎಷ್ಟು ಬೆಲೆ ತೆರಬೇಕಾಗಬಹುದು ಎಂಬುದನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರ ಅಧ್ಯಯನ ತೋರಿಸಿದೆ. ಎದೆಹಾಲು ಮಾತ್ರ ಕುಡಿಯುವ, ಮೊದಮೊದಲು ಚೆನ್ನಾಗಿದ್ದ ಕೂಸುಗಳು ಇದ್ದಕ್ಕಿದ್ದಂತೆ ಏದುಸಿರುಬಿಟ್ಟು, ಶ್ವಾಸಕೋಶದ ರಕ್ತದೊತ್ತಡ ಏರಿ ಸಾವಿನಂಚಿಗೆ ಬರುತ್ತಿದ್ದವು. ಥಯಾಮಿನ್ ಅಂದರೆ ಬಿ1 ಜೀವಸತ್ವ ಕೊಟ್ಟ ಮೇಲೆ ಬೇಗನೆ ಚೇತರಿಸಿಕೊಂಡವು. ಅವುಗಳ ತಾಯಂದಿರು ಪಾಲಿಶ್ ಮಾಡಿದ ಅಕ್ಕಿಯ ಅನ್ನ ಮತ್ತು ಪಥ್ಯದಲ್ಲೇ ಇದ್ದವರು. ಬಾಣಂತಿಯ ತಟ್ಟೆಯಲ್ಲಿ ಏನಿದೆ ಎಂದು ಕೇಳದ ವೈದ್ಯರಿಗೆ ಈ ಕಾಯಿಲೆ ಹೃದಯದ ದೋಷವಾಗಿಯೇ ಕಾಣುತ್ತದೆ. ಅಜ್ಜಿಯನ್ನು ಗದರಿಸಿದರೆ ತಟ್ಟೆಯ ಸುದ್ದಿ ಹೊರಬರುವುದಿಲ್ಲ. ಪಕ್ಕದಲ್ಲಿ ಕೂತು ಕೇಳಿದರೆ ಬರುತ್ತದೆ.

ಇನ್ನು ಮೂರನೆಯ ಪ್ರಶ್ನೆ, ಹಕ್ಕಿನದು. ಇಲ್ಲಿ ಮಾತು ಖಚಿತವಾಗಿರಬೇಕು. ತನ್ನ ದೇಶದಲ್ಲಿ ಮಾಡಲು ಅನುಮತಿ ಇಲ್ಲದ ಯಾವ ಕೆಲಸವನ್ನೂ ಸ್ವಯಂಸೇವಕ ಇನ್ನೊಂದು ದೇಶದ ಬಡವರ ಮೇಲೆ ಮಾಡಬಾರದು. ಎರಡನೇ ವರ್ಷದ ವಿದ್ಯಾರ್ಥಿ ಬಾಸ್ಟನ್‌ನಲ್ಲಿ ಹೆರಿಗೆ ಮಾಡಿಸುವಂತಿಲ್ಲ ಎಂದಮೇಲೆ ಜೋಯಿಡಾದಲ್ಲಿಯೂ ಮಾಡಿಸುವಂತಿಲ್ಲ. ಬೆಂಗಳೂರಿನ ವಿದ್ಯಾರ್ಥಿ ತಾಂಜಾನಿಯಾದಲ್ಲಿಯೂ ಮಾಡಿಸುವಂತಿಲ್ಲ. ಉಗಾಂಡಾದ ಜಿಂಜಾ ಪಟ್ಟಣದಲ್ಲಿ ವೈದ್ಯಕೀಯ ತರಬೇತಿ ಇಲ್ಲದ ಅಮೆರಿಕದ ಯುವತಿಯೊಬ್ಬರು ಅಪೌಷ್ಟಿಕ ಮಕ್ಕಳ ಕೇಂದ್ರ ನಡೆಸಿದರು. ಅಲ್ಲಿ ಮಕ್ಕಳು ಸತ್ತ ಬಗ್ಗೆ ತಾಯಂದಿರು 2019ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಸದುದ್ದೇಶ ತರಬೇತಿಯ ಜಾಗವನ್ನು ತುಂಬಲಾರದು ಎಂಬುದಕ್ಕೆ ಆ ಪ್ರಕರಣ ಜಗತ್ತಿಗೇ ಎಚ್ಚರಿಕೆಯಾಗಿದೆ.

ನಮ್ಮ ಕಾನೂನೂ ಇದನ್ನೇ ಹೇಳುತ್ತದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ವೈದ್ಯವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಹೊರದೇಶದ ವೈದ್ಯರು ಇಲ್ಲಿ ರೋಗಿಯನ್ನು ಮುಟ್ಟಬೇಕಾದರೆ ಆಯೋಗದ ತಾತ್ಕಾಲಿಕ ಅನುಮತಿ ಬೇಕು. ಪ್ರವಾಸಿ ವೀಸಾ ಇದ್ದ ಮಾತ್ರಕ್ಕೆ ಚಿಕಿತ್ಸೆಗೆ ಇಳಿಯುವಂತಿಲ್ಲ. ಮುಂಡಗೋಡದ ಟಿಬೆಟಿಯನ್ ವಸಾಹತಿನಲ್ಲಿ ತಂಗುವ ವಿದೇಶಿಯರು ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶ ಪರವಾನಗಿಯನ್ನೂ ಪಡೆದಿರಬೇಕು. ಇವು ಬರೀ ಕಾಗದಪತ್ರದ ಕಿರಿಕಿರಿ ಎಂದು ಯಾರೂ ಭಾವಿಸದಿರಲಿ. ಒಬ್ಬ ತಾಯಿಗೆ ತೊಂದರೆಯಾದಾಗ ಹೊಣೆ ಯಾರದೆಂದು ಹೇಳುವ ಏಕೈಕ ದಾಖಲೆ ಈ ಕಾಗದಗಳೇ.

ಹಾಗಿದ್ದರೆ ಪದವಿ ಮುಗಿಸದ ಸ್ವಯಂಸೇವಕರು ಮಾಡಬಹುದಾದದ್ದು ಏನು? ಬೇಕಾದಷ್ಟಿದೆ. ಆಶಾ ಕಾರ್ಯಕರ್ತೆಯ ಜೊತೆ ನಡೆದು ಮನೆಭೇಟಿ ನೋಡಬಹುದು. ಮಜರೆಯಿಂದ ರಸ್ತೆಗೆ, ರಸ್ತೆಯಿಂದ ಆಸ್ಪತ್ರೆಗೆ ಹಿಡಿಯುವ ಹೊತ್ತನ್ನು ಬೇಸಿಗೆ ಮತ್ತು ಮಳೆಗಾಲ ಎರಡರಲ್ಲೂ ಅಳೆದು ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಡಬಹುದು. ಉಪಕೇಂದ್ರದ ತೂಕದ ಯಂತ್ರ, ರಕ್ತದೊತ್ತಡದ ಯಂತ್ರ ಸರಿಯಾಗಿವೆಯೇ ಎಂದು ಸಹಾಯಕಿಯ ಜೊತೆ ಕೂತು ಪರೀಕ್ಷಿಸಬಹುದು. ಬ್ಯಾಗ್ ಮತ್ತು ಮಾಸ್ಕಿನ ಅಭ್ಯಾಸವನ್ನು ಗೊಂಬೆಯ ಮೇಲೆ ಸಿಬ್ಬಂದಿಯ ಜೊತೆಗೇ ಮತ್ತೆ ಮತ್ತೆ ಮಾಡಬಹುದು. ಬಳಸದ ಕೈಚಳಕ ಕೆಲವೇ ತಿಂಗಳಲ್ಲಿ ಮರೆತುಹೋಗುತ್ತದೆ, ಆದ್ದರಿಂದ ಈ ಅಭ್ಯಾಸಕ್ಕೆ ಜೊತೆಗಾರರು ಸದಾ ಬೇಕು. ಹೆರಿಗೆ ಕೋಣೆಗೆ ಹೋಗುವುದಾದರೆ ಹೆರುವವಳ ಒಪ್ಪಿಗೆಯನ್ನು ಆಕೆಯ ಭಾಷೆಯಲ್ಲಿ, ನೋವು ಶುರುವಾಗುವ ಮುಂಚೆಯೇ ಕೇಳಬೇಕು. ಬೇಡ ಎಂದರೆ ಹೊರಗೆ ನಿಲ್ಲಬೇಕು. ಫೋಟೋ ತೆಗೆಯಲೇಬಾರದು.

ಅವಧಿಯ ವಿಷಯವೂ ಮುಖ್ಯ. ಎರಡು ವಾರಕ್ಕೆ ಬಂದವರು ಊರಿನ ಹೆಸರು ಕಲಿಯುವಷ್ಟರಲ್ಲಿ ಹೊರಡುತ್ತಾರೆ, ಅಷ್ಟೂ ದಿನ ಅವರನ್ನು ನೋಡಿಕೊಳ್ಳುವ ಹೆಚ್ಚಿನ ಹೊರೆ ಸಿಸ್ಟರಿನ ಮೇಲೆ ಬಿದ್ದಿರುತ್ತದೆ. ಕನಿಷ್ಠ ಮೂರು ತಿಂಗಳು ಇರುವವರು ಬರಲಿ. ಬರುವ ಮುಂಚೆ ಕನ್ನಡವನ್ನೋ ಕೊಂಕಣಿಯನ್ನೋ ಸ್ವಲ್ಪ ಕಲಿತಿರಲಿ. ಇಂಥ ಕಾರ್ಯಕ್ರಮಗಳಿಗೆ ವಿದ್ಯಾರ್ಥಿಗಳು ಕಟ್ಟುವ ಶುಲ್ಕದಲ್ಲಿ ಒಂದು ಪಾಲು ಕಲಿಸಿದ ಆಶಾ ಮತ್ತು ಸಹಾಯಕಿಯರಿಗೆ ಬೋಧನಾ ಗೌರವಧನವಾಗಿ ಸಲ್ಲಲಿ. ಮೈಸೂರು ಭಾಗದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ವರ್ಷಗಳಿಂದ ತರಗತಿ ಮತ್ತು ಕ್ಷೇತ್ರಕಾರ್ಯದ ಮೂಲಕ ಕಲಿಸುತ್ತ ಬಂದಿದೆ. ಹೆಗ್ಗಡದೇವನಕೋಟೆಯ ಆದಿವಾಸಿಗಳ ನಡುವೆ ದಶಕಗಳ ಕಾಲ ಕೆಲಸ ಮಾಡಿದ ಸಂಸ್ಥೆಗೆ ಅತಿಥಿಗಳ ಮಿತಿಯನ್ನು ಗೊತ್ತುಪಡಿಸುವ ಅಧಿಕಾರ ತಾನಾಗಿ ಬಂದಿದೆ. ಉತ್ತರ ಕನ್ನಡದ ಘಟ್ಟದ ಮೇಲೂ ಅಂಥದೊಂದು ಏರ್ಪಾಡು ಬೇಕು. ಅದರ ಯಜಮಾನಿಕೆ ಇಲ್ಲಿಯವರದೇ ಆಗಿರಬೇಕು.

ಹೊರದೇಶದವರಿಗೆ ಹೇಳಿದ್ದನ್ನು ಮೊದಲು ನಮ್ಮವರಿಗೆ ಹೇಳಬೇಕು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಾರವಾರಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಅವುಗಳ ಸುತ್ತ ನರ್ಸಿಂಗ್ ಕಾಲೇಜುಗಳಿವೆ. ಸ್ನಾತಕೋತ್ತರ ವೈದ್ಯರು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮ ಈಗಾಗಲೇ ಇದೆ. ಆ ಮೂರು ತಿಂಗಳಲ್ಲಿ ಕೆಲವು ವಾರಗಳನ್ನು ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ತಾಲ್ಲೂಕು ಆಸ್ಪತ್ರೆಗಳಿಗೆ ಮೀಸಲಿಟ್ಟರೆ, ಸ್ತ್ರೀರೋಗ, ಅರಿವಳಿಕೆ, ಮಕ್ಕಳ ವಿಭಾಗದ ಯುವವೈದ್ಯರು ಸರದಿಯಲ್ಲಿ ಬಂದರೆ, ರಾತ್ರಿ ಧಾರವಾಡಕ್ಕೆ ಓಡುವ ಆಂಬುಲೆನ್ಸುಗಳಲ್ಲಿ ಕೆಲವಾದರೂ ತಾಲ್ಲೂಕಿನಲ್ಲೇ ನಿಲ್ಲುತ್ತವೆ. ಹುಬ್ಬಳ್ಳಿಯಲ್ಲಿ ಓದಿ, ಜೋಯಿಡಾ ನೋಡದೆ, ತಾಂಜಾನಿಯಾಕ್ಕೆ ಕಲಿಯಲು ಹೋಗುವ ನಮ್ಮ ಮಕ್ಕಳಿಗೆ ಅಲ್ಲಿ ಕಾಣುವುದರ ಅರ್ಥವಾದರೂ ಹೇಗೆ ಆಗಬೇಕು? ಇಲ್ಲಿ ದೂರವನ್ನು ಕಲಿತವರು ಅಲ್ಲಿಗೆ ಹೋದರೆ ಉಪಯೋಗಕ್ಕೆ ಬರುತ್ತಾರೆ.

ಕ್ಯಾಲಿಫೋರ್ನಿಯಾದಲ್ಲೋ ಲಂಡನ್ನಿನಲ್ಲೋ ಬೆಳೆದ ಕನ್ನಡದ ಮಕ್ಕಳು ಬರಲಿ, ಅಮೆರಿಕದ ವಿದ್ಯಾರ್ಥಿಗಳು ಬರಲಿ, ಬೆಂಗಳೂರಿನವರೂ ಬರಲಿ. ಎಲ್ಲರೂ ಶಿಷ್ಯರಾಗಿ ಬರಲಿ. ಅವರ ಕಲಿಕೆಯನ್ನು ಅವರ ಪ್ರಮಾಣಪತ್ರದಿಂದ ಅಳೆಯುವುದು ಬೇಡ. ಅವರು ಹಿಂದಿರುಗಿದ ಮೇಲೆ ಆ ಉಪಕೇಂದ್ರದ ಸಹಾಯಕಿಯ ಕೆಲಸ ಮೊದಲಿಗಿಂತ ಸ್ವಲ್ಪ ಹಗುರವಾಗಿದೆಯೇ, ಮುಂದಿನ ಮಳೆಗಾಲದಲ್ಲಿ ಆ ಮಜರೆಯ ಬಸುರಿ ಆಸ್ಪತ್ರೆ ಮುಟ್ಟಲು ಹಿಡಿಯುವ ಹೊತ್ತು ಸ್ವಲ್ಪವಾದರೂ ತಗ್ಗಿದೆಯೇ ಎಂದು ಕೇಳೋಣ. ಹೌದು ಎಂಬ ಉತ್ತರ ಕೊಡಬಲ್ಲವರಿಗೆ ಈ ನಾಲ್ಕು ತಾಲ್ಲೂಕುಗಳ ಬಾಗಿಲು ತೆರೆದಿರಲಿ. ಆ ಬಾಗಿಲನ್ನು ತೆರೆಯುವ ಅಧಿಕಾರವೂ ಮುಚ್ಚುವ ಅಧಿಕಾರವೂ ಇಲ್ಲಿಯ ತಾಯಂದಿರಿಗೆ, ಅವರ ಜೊತೆ ನಡೆಯುವ ಆಶಾ ಮತ್ತು ಸಹಾಯಕಿಯರಿಗೆ ಇರಲಿ.